64 ಬೈಟುಗಳ ಮರೆವು

ಮರೆವನ್ನು ನಾವು ಕೊರತೆಯೆಂದೇ ಎಣಿಸುತ್ತೇವೆ. ಆದರೆ ಸಣ್ಣ ಯಂತ್ರಗಳಿಗೆ ಡ್ರೈವರ್ ಬರೆಯುವವರು ಏನನ್ನು ಮರೆಯಬೇಕೆಂದು ಮೊದಲೇ ತೀರ್ಮಾನಿಸಿರಬೇಕಾಗುತ್ತದೆ. ಆ ತೀರ್ಮಾನ ಬರೀ ತಾಂತ್ರಿಕವೇ? ಅದಕ್ಕೆ ನೈತಿಕ ಹೊಣೆಯೂ ಇದೆಯೇ?

ವಿದ್ಯಾರ್ಥಿಗಳು ಕೈಪಳಗಿಸಿಕೊಳ್ಳುವ ಆರ್ಡುಯಿನೋ ಊನೋ ಬೋರ್ಡನ್ನೇ ನೋಡಿ. ಅದರ ಎಟಿಮೆಗಾ328ಪಿ ಚಿಪ್ಪಿನಲ್ಲಿರುವ ರ‍್ಯಾಮ್ 2048 ಬೈಟು ಮಾತ್ರ. ಸೀರಿಯಲ್ ತಂತಿಯಲ್ಲಿ ಬರುವ ಅಕ್ಷರಗಳಿಗೆ ಅದರಲ್ಲಿ ಸಿಗುವ ಪಾಲು 64. ಈ 64 ಮನೆಗಳನ್ನು ಡ್ರೈವರ್ ಉಂಗುರದಂತೆ ಬಳಸುತ್ತದೆ. ಬರೆಯುವ ಗುರುತು ಒಂದು, ಓದುವ ಗುರುತು ಇನ್ನೊಂದು. ಕೊನೆಯ ಮನೆ ದಾಟಿದರೆ ಮತ್ತೆ ಮೊದಲನೆಯದು. ಇದೇ ರಿಂಗ್ ಬಫರ್. ಇಲ್ಲಿ ಯಾವ ಅಕ್ಷರವನ್ನೂ ಜರುಗಿಸಬೇಕಿಲ್ಲ, ಹೊಸ ಜಾಗ ಕೇಳಬೇಕಿಲ್ಲ. ಎರಡೂ ಗುರುತುಗಳು ಒಂದೇ ಮನೆಯಲ್ಲಿದ್ದರೆ ಉಂಗುರ ಖಾಲಿ. ತುಂಬಿದ ಸ್ಥಿತಿ ಇದಕ್ಕಿಂತ ಬೇರೆಯಾಗಿ ಕಾಣಬೇಕೆಂದು ಒಂದು ಮನೆಯನ್ನು ಸದಾ ಬರಿದಾಗಿ ಬಿಡುತ್ತಾರೆ. ಹಾಗಾಗಿ ಹಿಡಿಯುವುದು 63. ಓದುವವರಿಲ್ಲದಿದ್ದರೆ 9600 ಬಾಡ್ ವೇಗದಲ್ಲಿ ಅದು ತುಂಬಲು ಸುಮಾರು 66 ಮಿಲಿಸೆಕೆಂಡು ಸಾಕು.

ತುಂಬಿದ ಮೇಲೆ ಏನು? ಪ್ರಶ್ನೆ ಹುಟ್ಟುವುದೇ ಇಲ್ಲಿ. ಆರ್ಡುಯಿನೋ ಹೊಸದಾಗಿ ಬಂದ ಅಕ್ಷರವನ್ನು ಕೈಬಿಡುತ್ತದೆ. ಸಾಲಿನಲ್ಲಿ ಮೊದಲು ನಿಂತವರನ್ನು ಎಬ್ಬಿಸುವುದಿಲ್ಲ. ಲಿನಕ್ಸ್ ಕರ್ನಲ್ ತನ್ನ ಸಂದೇಶಗಳ ದಾಖಲೆಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತದೆ: ಹಳೆಯದನ್ನು ಅಳಿಸಿ ಹೊಸದಕ್ಕೆ ಎಡೆಮಾಡುತ್ತದೆ. ಕುಸಿದುಬಿದ್ದ ಯಂತ್ರದಿಂದ ನಮಗೆ ಬೇಕಾದದ್ದು ಅದರ ಕೊನೆಯ ಮಾತು ತಾನೇ? ಎರಡೂ ಕ್ರಮಗಳಿಗೆ ಸಮರ್ಥನೆಯಿದೆ. ಯಾವ ನಷ್ಟವನ್ನು ಯಾರು ಹೊರಬಲ್ಲರು ಎಂಬುದರ ಮೇಲೆ ಆಯ್ಕೆ ನಿಂತಿದೆ.

ಈ ಆಯ್ಕೆಯ ಭಾರ ವಿಮಾನದ ಕಾಕ್‌ಪಿಟ್‌ನಲ್ಲಿ ಎದ್ದು ಕಾಣುತ್ತದೆ. ಅಲ್ಲಿನ ಧ್ವನಿಮುದ್ರಕವೂ ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತದೆ. ಟೇಪಿನ ಕಾಲದಲ್ಲಿ ಉಳಿಯುತ್ತಿದ್ದದ್ದು ಕೊನೆಯ 30 ನಿಮಿಷ, ಆಮೇಲೆ 2 ಗಂಟೆ. 2024ರ ಜನವರಿಯಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನ 737 ಮ್ಯಾಕ್ಸ್ 9 ವಿಮಾನದ ಬಾಗಿಲ ಮುಚ್ಚಿಗೆ ಆಕಾಶದಲ್ಲೇ ಕಿತ್ತುಹೋಯಿತು. ವಿಮಾನ ಸುರಕ್ಷಿತವಾಗಿ ಇಳಿಯಿತು. ಆದರೆ ಮುದ್ರಕವನ್ನು ಸಕಾಲದಲ್ಲಿ ನಿಲ್ಲಿಸದ ಕಾರಣ ಆ ಹೊತ್ತಿನ ಮಾತುಗಳೆಲ್ಲ ಅಳಿಸಿಹೋದವು. 25 ಗಂಟೆ ಉಳಿಸಬೇಕೆಂಬ ವಾದಕ್ಕೆ ಇದರಿಂದ ಬಲ ಬಂತು. ಅತ್ತ ಪೈಲಟ್ ಸಂಘಗಳು ಖಾಸಗಿತನದ ಪ್ರಶ್ನೆ ಎತ್ತಿದವು. ಅದನ್ನೂ ತಳ್ಳಿಹಾಕಲಾಗದು: ಅಳಿಸಿಹೋಗುತ್ತದೆಂಬ ಭರವಸೆಯಿದ್ದಾಗ ಮನುಷ್ಯ ಮಾತಾಡುವ ರೀತಿಯೇ ಬೇರೆ.

ಮೆಮೊರಿ ದುಬಾರಿಯಾಗಿದ್ದಾಗ ಬಡತನವೇ ನಮ್ಮ ಪರವಾಗಿ ತೀರ್ಪು ಕೊಡುತ್ತಿತ್ತು. ಅದು ಅಗ್ಗವಾದ ಮೇಲೆ ಉಳಿಸುವುದೂ ನಮ್ಮ ಇಚ್ಛೆ, ಅಳಿಸುವುದೂ ನಮ್ಮ ಇಚ್ಛೆ. ಊನೋದಂಥ ಚಿಪ್ಪುಗಳಲ್ಲಿ ಮಾತ್ರ ಬಡತನ ಇನ್ನೂ ನಿಜ. ಅಲ್ಲಿ ಮರೆಯುವುದು ತಪ್ಪಲ್ಲ. ಮರೆತದ್ದನ್ನು ಮುಚ್ಚಿಡುವುದು ಬೇರೆ ಮಾತು. ಆರ್ಡುಯಿನೋ ಡ್ರೈವರ್ ಅಕ್ಷರ ಕೈಬಿಟ್ಟದ್ದನ್ನು ಯಾರಿಗೂ ಹೇಳುವುದಿಲ್ಲ. ಓದುವವನ ಕಣ್ಣಿಗೆ ವಾಕ್ಯ ಇಡಿಯಾಗಿಯೇ ಇದೆ. ಲಿನಕ್ಸ್‌ನ ಸೀರಿಯಲ್ ವ್ಯವಸ್ಥೆಯಲ್ಲಿ ಹೀಗೆ ತಪ್ಪಿಹೋದವುಗಳನ್ನು ಎಣಿಸಿಡುವ ಜಾಗವಿದೆ.

ಅಂಥ ಎಣಿಕೆಗೆ ಬೇಕಾದದ್ದು ಎರಡು ಬೈಟು. 65,535 ನಷ್ಟಗಳವರೆಗೆ ಅಷ್ಟರಲ್ಲೇ ಲೆಕ್ಕವಿಡಬಹುದು. 2048ರಲ್ಲಿ ಎರಡನ್ನು ಪ್ರಾಮಾಣಿಕತೆಗೆಂದು ತೆಗೆದಿಡಲಾಗದಷ್ಟು ಬಡವಾದ ಯಂತ್ರ ಅದಲ್ಲ.