ಮೀನಿನ ಬೆನ್ನು, ವಿಮಾನದ ಬೆನ್ನು

ನಮ್ಮ ರಾಮನಾಥಪುರಕ್ಕೆ ಬಂದವರು ರಾಮೇಶ್ವರನ ದರ್ಶನ ಮುಗಿಸಿ ಹೊಳೆಗೆ ಇಳಿಯುತ್ತಾರೆ. ವಹ್ನಿ ಪುಷ್ಕರಣಿಯ ಮೀನುಗಳಿಗೆ ಪುರಿ ಹಾಕುವ ಸಂಭ್ರಮ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಉಂಟು. ಪುರಿ ಬೀಳುವವರೆಗೆ ಏನೂ ಕಾಣದು. ಬಿದ್ದೊಡನೆ ನೀರೇ ಮೀನಾಗಿ ಏಳುತ್ತದೆ. ಮೇಲಿನಿಂದ ನೋಡುವವರಿಗೆ ಅವುಗಳ ಕಪ್ಪು ಬೆನ್ನು ಹೊಳೆಯ ತಳದೊಂದಿಗೆ ಬೆರೆತಿರುತ್ತದೆ. ಕೆಳಗಿನ ವೈರಿಗೆ ಬಿಳಿಯ ಹೊಟ್ಟೆ ಆಕಾಶದ ಬೆಳಕಿನಲ್ಲಿ ಕರಗಿಹೋಗುತ್ತದೆ.

ಇದು ನನಗೆ ನೆನಪಾದದ್ದು, ರಜೆಗೆ ಬಂದ ತಂಗಿಯ ಮಗ ಜಗಲಿಯಲ್ಲಿ ಕುಳಿತು ಪುಟ್ಟ ವಿಮಾನಕ್ಕೆ ಬಣ್ಣ ಹಚ್ಚುತ್ತಿದ್ದಾಗ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1961ರಲ್ಲಿ ಮೊದಲು ಹಾರಿದ, 1971ರ ಯುದ್ಧದಲ್ಲಿ ಹೋರಾಡಿದ ಮಾರುತ್ ವಿಮಾನದ ಮಾದರಿ ಅದು. 72ರಲ್ಲಿ ಒಂದು ಪಾಲಿಗೆ ಇಳಿಸಿದರೆ ಒಂದು ಗೇಣು ಉದ್ದ. ಬೆನ್ನಿಗೆ ಹಸಿರು, ಕಂದು ಪಟ್ಟೆ. ಹೊಟ್ಟೆಗೆ ತೆಳು ಬೂದು.

“ದೊಡ್ಡಮ್ಮ, ಎರಡು ಬಣ್ಣ ಸೇರೋ ಕಡೆ ಗೆರೆ ಕಾಣಬಾರದು” ಎಂದ. ನಿಜವಾದ ವಿಮಾನದಲ್ಲಿ 7 ಸೆಂಟಿಮೀಟರ್ ಅಗಲದ ಮಬ್ಬು ಅಂಚು ಇಲ್ಲಿ ಬರೀ 1 ಮಿಲಿಮೀಟರ್. ಪುಟ್ಟ ವಸ್ತುವಿನ ಮೇಲೆ ಬಣ್ಣ ಗಾಢವಾಗಿ ಕಾಣುತ್ತದೆಂದು ಚೂರು ಬಿಳಿ ಬೆರೆಸಿದ. ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಒಣಗಿದಂತಿದ್ದ ಕುಂಚದಿಂದ ಅಂಚನ್ನು ಮೆಲ್ಲಗೆ ತಟ್ಟಿದ. ರಂಗೋಲಿ ಎಳೆದು ಪಳಗಿದ ಕೈ ನನ್ನದು, ಸುಮ್ಮನಿರಲಾರದೆ ನಾನೂ ಒಂದು ಕುಂಚ ಹಿಡಿದೆ.

ಅರ್ಧ ರೆಕ್ಕೆ ಮುಗಿದಾಗ ಕೈ ನಿಂತಿತು. ಇಷ್ಟು ಮುತುವರ್ಜಿಯಿಂದ ನಾನು ಚೆಂದ ಮಾಡುತ್ತಿರುವುದು ಏನನ್ನು? ಮೀನಿನ ಬಣ್ಣ ಅದನ್ನು ತಿನ್ನುವವರಿಂದ ಕಾಯುತ್ತದೆ. ಈ ಬಣ್ಣವೋ, ಕೊಲ್ಲಲು ಹೊರಟಿದ್ದನ್ನೇ ಕಾಯುತ್ತದೆ. ಹಾಗೆಂದು ಅವನಿಗೆ ಹೇಳಿದೆ.

“ಒಳಗೆ ಪೈಲಟ್ ಇರ್ತಾನಲ್ಲ ದೊಡ್ಡಮ್ಮ, ಅವನಿಗೂ ಅಮ್ಮ ಇರ್ತಾಳೆ” ಎಂದ ಹುಡುಗ.

ರೆಕ್ಕೆಯ ಕೆಳಗೆ, ನೆಲದ ಮೇಲೆ ಇರುವವರಿಗೂ ಅಮ್ಮ ಇರುತ್ತಾಳಲ್ಲ, ಎಂದುಕೊಂಡೆ. ಬಾಯಿ ಬಿಟ್ಟು ಹೇಳಲಿಲ್ಲ.

ಅದೇ 1971ರ ಡಿಸೆಂಬರಿನಲ್ಲಿ ಗುಜರಾತಿನ ಭುಜ್‌ನ ರನ್‌ವೇ ಬಾಂಬಿಗೆ ಹಾಳಾದಾಗ, ಮಾಧಾಪರ ಊರಿನ ಸುಮಾರು 300 ಹೆಂಗಸರು 72 ಗಂಟೆಗಳಲ್ಲಿ ಅದನ್ನು ಸರಿಮಾಡಿದರು. ಮೇಲಿನ ವಿಮಾನಗಳಿಗೆ ಕಾಣದಿರಲೆಂದು ತಿಳಿಹಸಿರು ಸೀರೆ ಉಟ್ಟಿದ್ದರು. ಸೈರನ್ ಕೂಗಿದರೆ ಪೊದೆಗಳಲ್ಲಿ ಅಡಗುತ್ತಿದ್ದರು. ಆ ಸೀರೆ ತಾಯಂದಿರ ಜೀವ ಕಾಯಿತು. ಆದರೆ ಅವರು ಕಟ್ಟಿಕೊಟ್ಟ ದಾರಿಯಿಂದ ಏಳಬೇಕಾಗಿದ್ದದ್ದೂ ಯುದ್ಧವಿಮಾನವೇ. ಕಾಯುವ ಹಸಿರು ಇದು, ಕೊಲ್ಲುವ ಹಸಿರು ಅದು ಎಂದು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಬೇರೆ ಮಾಡಲು ನನ್ನಿಂದಾಗಲಿಲ್ಲ.

ವೈರಿಯ ಕಣ್ಣಿಗೆ ಮರೆಮಾಡುವುದು ಕೆಲವೊಮ್ಮೆ ಅನಿವಾರ್ಯವಿರಬಹುದು. ಆದರೆ ಬಣ್ಣದ ಚೆಲುವಿಗೆ ಮರುಳಾಗಿ, ಅದರಡಿ ಏನಿದೆ ಎಂಬುದನ್ನು ನಮ್ಮ ಕಣ್ಣಿಗೇ ಮರೆಮಾಡಿಕೊಂಡರೆ ಅದು ತಪ್ಪು.

ರೆಕ್ಕೆ ಪೂರ್ತಿ ಮಾಡಿಕೊಟ್ಟೆ. ಕೊನೆಗೆ ಒಂದು ಮಾತು ಕೇಳಿದೆ: ಒಳಗೆ ಕೂತವನ ಮುಖಕ್ಕೂ ಬಣ್ಣ ಹಚ್ಚು, ಕಾಣುವ ಹಾಗೆ. ಕೊತ್ತಂಬರಿ ಬೀಜದಷ್ಟು ತಲೆ. ಅದಕ್ಕೆ ಹುಡುಗ ಎರಡು ಸಂಜೆ ತೆಗೆದುಕೊಂಡ.