ಕುಂಡದೊಳಗಿನ ಅಶ್ವತ್ಥ

ಹುಕ್ಕೇರಿ ತಾಲೂಕಿನ ಘೋಡಗೇರಿಯಂಥ ಊರುಗಳಲ್ಲಿ ಅರಳಿಯ ಗಿಡವನ್ನು ಯಾರೂ ಬೇಕೆಂದು ಮನೆಯಲ್ಲಿ ನೆಡುವದಿಲ್ಲ. ಅದು ತಾನಾಗಿ ಬರುವದು. ಕಟ್ಟೆಯ ಮರದ ಹಣ್ಣನ್ನು ತಿಂದ ಹಕ್ಕಿಯು ಹಳೆಯ ಮಾಳಿಗೆಯ ಮೇಲೆ ಕುಳಿತು ಹಾರಿಹೋದರೆ ಸಾಕು, ಸಾಸಿವೆಗಿಂತ ಸಣ್ಣದಾದ ಬೀಜವು ಗೋಡೆಯ ಬಿರುಕಿನಲ್ಲಿ ಮೊಳೆತು ಗೇಣುದ್ದದ ಸಸಿಯಾಗುವದು. ಬಿಟ್ಟರೆ ಗೋಡೆ ಒಡೆಯುವದು ನಿಶ್ಚಯ. ಕಡಿಯಲು ಕೈ ಬಾರದು. ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಗವಂತನು ಮರಗಳೊಳಗೆ ತಾನು ಅಶ್ವತ್ಥವೆಂದು ಹೇಳಿಕೊಂಡ ಬಳಿಕ ಕೊಡಲಿಯೆತ್ತುವ ಧೈರ್ಯವು ಯಾವ ಗೃಹಸ್ಥನಿಗೆ ಇದ್ದೀತು? ಆದುದರಿಂದ ಸಸಿಯನ್ನು ಬೇರುಸಹಿತ ಮೆಲ್ಲನೆ ಕಿತ್ತು, ಮಣ್ಣಿನ ಕುಂಡವೊಂದರಲ್ಲಿ ನೆಟ್ಟು, ಪಡಸಾಲೆಯ ಕಿಟಕಿಯ ಬಳಿಯಲ್ಲಿಟ್ಟು, ಪಾಪವೂ ತಪ್ಪಿತು, ಗೋಡೆಯೂ ಉಳಿಯಿತೆಂದು ಮನೆಯವರು ಸಮಾಧಾನಪಡುವರು. ಈ ಸಮಾಧಾನವು ಎಷ್ಟರಮಟ್ಟಿಗೆ ಯೋಗ್ಯವೆಂಬುದೇ ಇಲ್ಲಿ ವಿಚಾರಣೀಯವಾದ ಸಂಗತಿ.

ಕುಂಡದಲ್ಲಿಟ್ಟ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಆಲ, ಅರಳಿ, ಬಸರಿ, ಅತ್ತಿ ಇವೆಲ್ಲ ಒಂದೇ ಕುಲದವು; ಹಾಲುಳ್ಳ ಈ ಮರಗಳು ಬಯಲಿನ ಬೆಳಕಿಗೆ ಹುಟ್ಟಿದವು. ಕತ್ತಲೆಯ ಮೂಲೆಯಲ್ಲಿಟ್ಟರೆ ಕಾಂಡವು ಸೊರಗಿ ಬೆಳಕಿನ ಕಡೆಗೆ ವಾಲುವದು. ಮೇಲಿಂದಮೇಲೆ ಸ್ಥಳ ಬದಲಿಸಿದರೆ ಎಲೆ ಉದುರುವದು. ಬೆರಳಿನ ಒಂದು ಗೆಣ್ಣಿನಷ್ಟು ಮೇಲ್ಮಣ್ಣು ಒಣಗಿದ ಬಳಿಕವೇ ನೀರು ಹಾಕತಕ್ಕದ್ದು. ಪ್ರೀತಿಯ ಭರದಲ್ಲಿ ದಿನಾಲು ಸುರಿದರೆ ಬೇರು ಕೊಳೆಯುವದು. (ಹೀಗೆ ಪ್ರೀತಿಯಿಂದ ಸತ್ತ ಗಿಡಗಳು ಉಪೇಕ್ಷೆಯಿಂದ ಸತ್ತವುಗಳಿಗಿಂತ ಕಡಿಮೆ ಇರಲಾರವು.) ಶಿಶಿರದ ಕೊನೆಗೆ ಅರಳಿಯು ಬರಿದಾದರೆ ಗಾಬರಿಪಡಬೇಕಾಗಿಲ್ಲ, ಅದು ರೋಗವಲ್ಲ, ಋತುವಿನ ಗುಣ. ಎರಡು ಮೂರು ವರ್ಷಕ್ಕೊಮ್ಮೆ ಗಿಡವನ್ನು ಹೊರತೆಗೆದು, ಸುರುಳಿ ಸುತ್ತಿಕೊಂಡ ಬೇರುಗಳನ್ನು ಕತ್ತರಿಸಿ, ಹೊಸ ಮಣ್ಣು ತುಂಬಬೇಕು.

ಕತ್ತರಿಯ ಮಾತು ಬಂದಲ್ಲಿಯೇ ಪ್ರಶ್ನೆಯು ಏಳುವದು. ಊರಿಗೆ ನೆರಳಾಗತಕ್ಕ ಮರದ ಬೇರನ್ನು ಮೊಟಕುಮಾಡಿ, ಅದನ್ನು ಮೊಳಕಾಲುದ್ದ ಉಳಿಸಿಕೊಂಡು, ಅದಕ್ಕೆ ಪಾಲನೆಯೆಂದು ಹೆಸರಿಡಬಹುದೇ?

ಗಿಡಕ್ಕೆ ಮನಸ್ಸಿಲ್ಲ, ಆದುದರಿಂದ ದುಃಖವೂ ಇಲ್ಲ ಎಂದು ಕೆಲವರು ಸುಲಭವಾಗಿ ಉತ್ತರಿಸುವರು. ಜಗದೀಶಚಂದ್ರ ಬೋಸರು ಸಸ್ಯಗಳ ಸ್ಪಂದನವನ್ನು ಯಂತ್ರಗಳಿಂದ ಅಳೆದು ತೋರಿಸಿದ್ದುಂಟು. ಆದರೂ ಸ್ಪಂದನ ಬೇರೆ, ನೋವು ಬೇರೆ. ಆ ಉತ್ತರವನ್ನು ಒಪ್ಪಿದರೂ ಬಾಧಕವಿಲ್ಲ. ಯಾಕಂದರೆ ಪ್ರಶ್ನೆಯು ಗಿಡದ ದುಃಖದ್ದಲ್ಲ, ಸಾಕುವವನ ಋಣದ್ದು. ಕಟ್ಟೆಯ ಅರಳಿಯು ಯಾರನ್ನೂ ನೀರು ಬೇಡುವದಿಲ್ಲ. ಬೇಸಗೆಯಲ್ಲಿ ಘಟಪ್ರಭೆಯು ಸೊರಗಿದಾಗಲೂ ಅದರ ಬೇರು ತನ್ನ ಪಾಲನ್ನು ಆಳದಿಂದ ತಂದುಕೊಳ್ಳುವದು. ಕುಂಡದ ಅರಳಿಯಾದರೋ, ಮನೆಯವರು ಹದಿನೈದು ದಿನ ಯಾತ್ರೆಗೆ ಹೋದರೆ ಒಣಗುವದು. ತಾನಿಲ್ಲದಿದ್ದರೆ ಇದು ಬದುಕುತ್ತಿರಲಿಲ್ಲವೆಂದು ಯಜಮಾನನು ಹೆಮ್ಮೆಪಡುವನು. ಮಾತು ನಿಜ, ಆದರೆ ಅದನ್ನು ಅಂಥ ಸ್ಥಿತಿಗೆ ತಂದವರಾರು? ಗೋಡೆಯಿಂದ ಉಳಿಸಿದ್ದು ಉಪಕಾರವೇ ಸರಿ, ಆ ದಿನದ ಮಟ್ಟಿಗೆ. ಆಮೇಲೆ ನೆಲ, ಮಳೆ, ಒರತೆ ಈ ಮೂರರ ಸ್ಥಾನದಲ್ಲಿಯೂ ತಾನೇ ನಿಂತವನು ಹಾಕುವ ತಂಬಿಗೆ ನೀರು ದಾನವಲ್ಲ, ಸಾಲದ ಕಂತು.

ಪೇಟೆಯಿಂದ ಕೊಂಡುತಂದ ರಬ್ಬರ್ ಗಿಡದ ಸಂಗತಿಯು ತುಸು ಬೇರೆ. ಅದೂ ಆಲದ ದಾಯಾದಿಯೇ. ಮೇಘಾಲಯದ ಖಾಸಿ ಜನರು ಅದೇ ಮರದ ಬೇರುಗಳನ್ನು ಹಳ್ಳದ ಆಚೆಯ ದಡಕ್ಕೆ ಹಾಯಿಸಿ, ಹತ್ತಾರು ವರ್ಷ ಕಾದು, ಜನರು ನಡೆದಾಡುವ ಜೀವಂತ ಸೇತುವೆಗಳನ್ನು ಮಾಡಿಕೊಂಡಿರುವರು. ಬೆಳಗಾವಿಯ ಪಡಸಾಲೆಗಳಲ್ಲಿ ಅದು ಎಲೆಯ ಧೂಳನ್ನು ಒರೆಸಿಸಿಕೊಳ್ಳುತ್ತ ನಿಂತಿರುವದು. ಆದರೆ ಅದರ ಕಾಯಿಯನ್ನು ಹೊಕ್ಕು ಪರಾಗವನ್ನು ಮುಟ್ಟಿಸುವ ವಿಶಿಷ್ಟ ಕೀಟವು ಇಲ್ಲದ ಸೀಮೆಯಲ್ಲಿ ಅದಕ್ಕೆ ಬೀಜಗಟ್ಟುವ ಯೋಗವಿಲ್ಲ. ಮನೆಯ ಪಕ್ಕಕ್ಕೆ ನೆಟ್ಟರೆ ಗೋಡೆಗೆ ಅಪಾಯ. ಅಂಥದನ್ನು ಕೊನೆತನಕ ಕುಂಡದಲ್ಲಿಯೇ ಸಾಕುವದು ಕ್ಷಮ್ಯ. ಅರಳಿಯ ವಿಷಯದಲ್ಲಿ ಈ ನೆವವು ನಡೆಯದು. ಊರ ಹೊರಗೆ ಅದರ ನೆಲವು ಇದ್ದೇ ಇದೆ.

ಕುಂಡವೇ ಕೆಟ್ಟದ್ದೆಂದು ಇದರ ಅರ್ಥವಲ್ಲ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಶೋಕನ ಮಗಳಾದ ಸಂಘಮಿತ್ರೆಯು ಬೋಧಿವೃಕ್ಷದ ಕೊಂಬೆಯನ್ನು ಬಂಗಾರದ ಪಾತ್ರೆಯಲ್ಲಿ ಸಿಂಹಳಕ್ಕೆ ಒಯ್ದಳೆಂದು ಮಹಾವಂಶವು ಹೇಳುವದು. ಪಾತ್ರೆಯು ಬಂಗಾರದ್ದೆಂದು ಕೊಂಬೆಯನ್ನು ಅದರಲ್ಲಿಯೇ ಇಟ್ಟುಕೊಂಡು ಕೂಡ್ರಲಿಲ್ಲ. ಅದು ಅನುರಾಧಪುರದ ಮಣ್ಣನ್ನು ಸೇರಿತು. ಅದರಿಂದ ಬೆಳೆದುದೆಂದು ನಂಬಲಾದ ಮರವು ಇಂದಿಗೂ ಅಲ್ಲಿ ಪೂಜೆಗೊಳ್ಳುತ್ತಲಿದೆ. ಅಲ್ಲಿ ಪಾತ್ರೆಯು ಪ್ರಯಾಣಕ್ಕೆ ಮಾತ್ರ ಇದ್ದಿತು.

ಇಷ್ಟು ತಿಳಿದೂ ಬಿಟ್ಟುಕೊಡುವದು ಸುಲಭವಲ್ಲ. ಅಜ್ಜಿಯು ದಿನಾಲು ಅದೇ ಕುಂಡಕ್ಕೆ ಕೈಮುಗಿಯುವಳು. ಮಕ್ಕಳು ಅದರ ಕೆಂಪು ಚಿಗುರುಗಳನ್ನು ಎಣಿಸುವರು. ಬಯಲಿಗೆ ಒಯ್ದು ನೆಟ್ಟರೆ ಆಡು ಮೇಯ್ದೀತು. ಮುಳ್ಳಿನ ಬೇಲಿ ಬೇಕು. ಮೊದಲಿನ ಎರಡು ಬೇಸಗೆ ಕೊಡ ಹೊತ್ತು ನೀರು ಹಾಕಬೇಕು, ಅದೂ ಕಣ್ಣೆದುರಿಗಿಲ್ಲದ ಗಿಡಕ್ಕೆ. ಆದುದರಿಂದ ಈ ಮೃಗಶಿರದ ಮಳೆಗೆ ಬೇಡ, ಬರುವ ವರ್ಷ ನೋಡಿದರಾಯಿತೆಂದು ವರ್ಷಗಳು ಕಳೆಯುವವು. ಅಷ್ಟರಲ್ಲಿ ಒಂದು ದಿನ ನೆಲ ಸಾರಿಸಲೆಂದು ಕುಂಡವನ್ನು ಸರಿಸಹೋದರೆ ಅದು ಸರಿಯುವದಿಲ್ಲ. ತಳದ ತೂತಿನಿಂದ ಹೊರಬಿದ್ದ ಬೇರು ಹಾಸುಗಲ್ಲುಗಳ ಸಂದಿಯಲ್ಲಿ ಇಳಿದು ಗೋಡೆಯ ಬುಡದ ಕಡೆಗೆ ಸಾಗಿರುವದು.