ಇಂದಿನ ಧಮ್ಮ ಚಿಂತನೆ: ಕೀನ್ಯಾದ ಕಾಗೆಗಳು ಮತ್ತು ಮೊದಲ ಶೀಲ





ನಮ್ಮ ಗುಂಪಿನಲ್ಲಿ ಹೋದ ವಾರ ಒಬ್ಬರು ಕೇಳಿದರು: "ಒಂದು ನಾಡಿನ ಹಕ್ಕಿಗಳನ್ನು ಉಳಿಸಲು ಹೊರಗಿನಿಂದ ಬಂದು ಸೇರಿಕೊಂಡ ಹಕ್ಕಿಗಳನ್ನು ಸರ್ಕಾರಗಳೇ ಕೊಲ್ಲಿಸುತ್ತವಂತೆ. ದಿನಾ ಪಂಚಶೀಲ ಹೇಳುವ ನಾವು ಇದಕ್ಕೆ ಏನನ್ನಬೇಕು?" ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವ ಪ್ರಶ್ನೆಯಲ್ಲ. ಒಂದು ನಿಜವಾದ ಪ್ರಸಂಗವನ್ನೇ ಮುಂದಿಟ್ಟುಕೊಂಡು ಯೋಚಿಸೋಣ.

2024ರ ಜೂನ್ ತಿಂಗಳಲ್ಲಿ ಆಫ್ರಿಕಾದ ಕೀನ್ಯಾ ದೇಶದ ವನ್ಯಜೀವಿ ಇಲಾಖೆ, ಆ ವರ್ಷ ಮುಗಿಯುವುದರೊಳಗೆ 10 ಲಕ್ಷ ಕಾಗೆಗಳನ್ನು ಇಲ್ಲವಾಗಿಸುವುದಾಗಿ ಪ್ರಕಟಿಸಿತು. ಯಾವ ಕಾಗೆ? ನಮ್ಮ ಮನೆ ಮುಂದಿನ ಕರೆಂಟ್ ತಂತಿಯ ಮೇಲೆ ಕೂರುತ್ತದಲ್ಲ, ಬೂದು ಕುತ್ತಿಗೆಯದು, ಅದೇ. ಅದನ್ನು ಅಲ್ಲಿ 'ಭಾರತದ ಕಾಗೆ' ಎಂದೂ ಕರೆಯುತ್ತಾರೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಪಕ್ಕದ ಜಾಂಜಿಬಾರ್ ದ್ವೀಪಕ್ಕೆ ಇದನ್ನು ಮನುಷ್ಯರೇ ತಂದು ಬಿಟ್ಟರು, ಊರಿನ ಕಸ ತಿಂದು ಸ್ವಚ್ಛ ಮಾಡಲಿ ಎಂದು. ಹಡಗುಗಳ ಜೊತೆ ತಾವಾಗಿಯೇ ಹೋದವೂ ಇವೆ. ಈಗ ಮೊಂಬಾಸಾ, ಮಲಿಂಡಿ, ವಟಾಮು, ಕಿಲಿಫಿ ಎಲ್ಲ ಕಡೆ ಅವೇ ತುಂಬಿವೆ. ಗೀಜಗದಂಥ ಸಣ್ಣ ಹಕ್ಕಿಗಳ ಗೂಡಿಗೆ ನುಗ್ಗಿ ಮೊಟ್ಟೆ, ಮರಿ ಎರಡನ್ನೂ ತಿನ್ನುತ್ತವೆ. ಬಡವರ ಅಂಗಳದ ಕೋಳಿಮರಿಗಳನ್ನೂ ಎತ್ತಿಕೊಂಡು ಹೋಗುತ್ತವೆ.

ಕಸ ತೆಗೆಯಲು ಕರೆಸಿಕೊಂಡು, ಆಮೇಲೆ 'ಕೊಳಕು, ಊರೊಳಗೆ ಬೇಡ' ಎನ್ನುವುದು. ಇದು ಎಂಥ ಮಾತು ಎಂದು ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಊರ ಹೊರಗೆ ಇಟ್ಟವರ ಮಕ್ಕಳು ನಾವು. 'ಹೊರಗಿನದು' ಎಂಬ ಪದ ಕಿವಿಗೆ ಬಿದ್ದರೆ ಎದ್ದು ಕೂರುತ್ತೇವೆ, ಕೂರಲೂಬೇಕು. ಹಕ್ಕಿಗಳಿಗೆ ಬಳಸಿದ ಈ ಪದವನ್ನು ನಾಳೆ ಮನುಷ್ಯರ ಮೇಲೆ ಹೊರಿಸುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಆದರೆ ಅಲ್ಲಿಗೇ ನಿಂತರೆ ಗೀಜಗಕ್ಕೆ ಅನ್ಯಾಯವಾಗುತ್ತದೆ. ಕಾಗೆಯಲ್ಲಿ ನಮ್ಮನ್ನು ಕಂಡುಕೊಂಡು ಕಣ್ಣೀರಿಡುವುದು ಸುಲಭ. ಗೂಡಿನಲ್ಲಿ ಬಾಯಿ ತೆರೆದುಕೊಂಡಿರುವ ಮರಿಗೆ ನಮ್ಮ ಚರಿತ್ರೆ ಗೊತ್ತಿಲ್ಲ.

ಪಿತೃಗಳು ಕಾಗೆಯಾಗಿ ಬಂದು ಪಿಂಡ ಮುಟ್ಟುತ್ತಾರೆ ಎಂಬುದನ್ನು ನಾವು 22 ಪ್ರತಿಜ್ಞೆಗಳ ಜೊತೆಗೇ ಬಿಟ್ಟೆವು. ಶನಿಯ ವಾಹನ, ತಲೆಗೆ ಬಡಿದರೆ ಅಪಶಕುನ, ಇವನ್ನೂ ಬಿಟ್ಟೆವು (ಕೆಲವು ಮನೆಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ, ಅದು ಬೇರೆ ಮಾತು). ಅವೆಲ್ಲ ಕಳಚಿದ ಮೇಲೆ ಕಾಗೆ ಬರೀ ಕಾಗೆ. ನೋವು ತಿಳಿಯುವ ಒಂದು ಜೀವ.

ಪಾಣಾತಿಪಾತ ಆಗಬೇಕಾದರೆ ಐದು ಅಂಶ ಕೂಡಬೇಕು ಎಂದು ಅಟ್ಠಕಥೆಗಳು ಹೇಳುತ್ತವೆ. ಅಲ್ಲೊಂದು ಜೀವಿ ಇರಬೇಕು, ಅದು ಜೀವಿ ಎಂಬ ಅರಿವು ಇರಬೇಕು, ಕೊಲ್ಲುವ ಚೇತನ ಇರಬೇಕು, ಪ್ರಯತ್ನ ನಡೆಯಬೇಕು, ಆ ಪ್ರಯತ್ನದಿಂದ ಸಾವು ಸಂಭವಿಸಬೇಕು. ಕೀನ್ಯಾದಲ್ಲಿ ಐದೂ ಇವೆ. ಆದ್ದರಿಂದ 'ನಿಯಂತ್ರಣ', 'ನಿರ್ವಹಣೆ' ಎಂಬ ಕಚೇರಿ ಪದಗಳಲ್ಲಿ ಅವಿತುಕೊಳ್ಳಲು ಜಾಗವಿಲ್ಲ. ಇದು ಕೊಲ್ಲುವುದೇ.

ಬಾಬಾಸಾಹೇಬರು ಚರ್ಚೆಯನ್ನು ಇಲ್ಲಿಗೆ ಮುಚ್ಚುವುದಿಲ್ಲ. 1957ರಲ್ಲಿ, ಅವರ ಪರಿನಿಬ್ಬಾಣದ ನಂತರ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅಹಿಂಸೆಗೇ ಒಂದು ಭಾಗವಿದೆ. ಬುದ್ಧರು ಅಹಿಂಸೆಯನ್ನು ಕಟ್ಟಳೆಯಾಗಿ ಅಲ್ಲ, ತತ್ವವಾಗಿ ಕೊಟ್ಟರು ಎನ್ನುತ್ತಾರೆ ಅಲ್ಲಿ. ಕಟ್ಟಳೆಯಲ್ಲಿ ಯೋಚನೆಗೆ ಎಡೆಯಿಲ್ಲ. ತತ್ವ ನಮ್ಮ ವಿವೇಕವನ್ನು ಕೇಳುತ್ತದೆ. ಮುಂದುವರಿದು, ಕೊಲ್ಲುವ ಇಚ್ಛೆ ಬೇರೆ, ಕೊಲ್ಲುವ ಅಗತ್ಯ ಬೇರೆ ಎಂದು ಗೆರೆ ಎಳೆಯುತ್ತಾರೆ. ಬುದ್ಧರು ನಿಷೇಧಿಸಿದ್ದು ಇಚ್ಛೆಯನ್ನು.

ಈ ಗೆರೆಯನ್ನು ಹಿಡಿದು ಕೀನ್ಯಾವನ್ನು ನೋಡಿ. ಅಲ್ಲಿ ಕಾಗೆ ಬೇಡ ಎನ್ನಲು ಕೊಟ್ಟ ಕಾರಣ ಒಂದಲ್ಲ. ಸ್ಥಳೀಯ ಹಕ್ಕಿಗಳ ಗೂಡು ಹಾಳಾಗುತ್ತಿದೆ ಎಂಬುದು ಒಂದು. ಕಡಲ ತೀರದ ಹೋಟೆಲುಗಳಲ್ಲಿ ಪ್ರವಾಸಿಗರಿಗೆ ಕಿರಿಕಿರಿ ಎಂಬುದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿಬಿಟ್ಟರು. ನನ್ನ ಮಟ್ಟಿಗೆ ಮೊದಲನೆಯದು ಅಗತ್ಯದ ಹತ್ತಿರ ಬರುತ್ತದೆ. ಎರಡನೆಯದು ಬರುವುದಿಲ್ಲ. ತಿಂಡಿಯ ತಟ್ಟೆ ಕಾಯಲು ಜೀವ ತೆಗೆಯುವುದು ಇಚ್ಛೆಯೇ. ಸಂಖ್ಯೆಯನ್ನೇ ಗುರಿ ಮಾಡಿಕೊಂಡಾಗಲೂ ಇದೇ ಅಪಾಯ. 10 ಲಕ್ಷ ಎಂದು ಬರೆದಿಟ್ಟ ಮೇಲೆ ಲೆಕ್ಕ ತುಂಬಿಸುವುದೇ ಕೆಲಸವಾಗುತ್ತದೆ, ಗೀಜಗ ಮರೆತುಹೋಗುತ್ತದೆ.

ಪಟಿಚ್ಚಸಮುಪ್ಪಾದ ಓದಿದವರು ಕೇಳಲೇಬೇಕಾದ ಪ್ರಶ್ನೆ, ಕಾಗೆ ಹೆಚ್ಚಿದ್ದು ಯಾವುದರಿಂದ ಎಂಬುದು. ಬಯಲಲ್ಲಿ ಸುರಿದ ಕಸದಿಂದ, ಮೀನು ಮಾರುಕಟ್ಟೆ, ಕಸಾಯಿಖಾನೆಗಳು ಹೊರಗೆಸೆಯುವ ತ್ಯಾಜ್ಯದಿಂದ. ಅದು ಹಾಗೇ ಇರುವಾಗ ಎಷ್ಟು ಕೊಂದರೂ ಉಳಿದವು ಮತ್ತೆ ಮರಿ ಮಾಡುತ್ತವೆ, ಮತ್ತೆ ಕೊಲ್ಲಬೇಕು. ಕಸದ ಕೆಲಸ ಮಾಡದೆ ವಿಷದ ಬಾಟಲಿ ಹಿಡಿದವರು ಅಗತ್ಯದ ಮಾತಾಡುವಂತಿಲ್ಲ.

ಆ ವಿಷದ ಹೆಸರು ಸ್ಟಾರ್ಲಿಸೈಡ್. ತಿಂದ ಹಕ್ಕಿ ತಕ್ಷಣ ಸಾಯುವುದಿಲ್ಲ. ಮೂತ್ರಪಿಂಡ ಕೆಟ್ಟು ಸಾಯಲು ಗಂಟೆಗಟ್ಟಲೆ ಹಿಡಿಯುತ್ತದೆ. ಕಾಗೆ ಬುದ್ಧಿವಂತ ಹಕ್ಕಿ, ಸುಮ್ಮನೆ ಬಂದು ತಿನ್ನುವುದಿಲ್ಲ. ಅದಕ್ಕೆ ಮೊದಲು ಕೆಲವು ದಿನ ವಿಷವಿಲ್ಲದ ಮಾಂಸದ ಚೂರುಗಳನ್ನು ಹಾಕಿ ರೂಢಿ ಮಾಡಿಸುತ್ತಾರೆ. ಕಾಗೆ ಅಗುಳು ಕಂಡರೆ ಬಳಗವನ್ನು ಕರೆಯುತ್ತದೆ ಎಂದು ಬಸವಣ್ಣನವರು ಮೆಚ್ಚಿಕೊಂಡ ಗುಣವನ್ನು ನಾವು ಶಾಲೆಯಲ್ಲಿ ಪಾಠ ಮಾಡುತ್ತೇವಲ್ಲ, ಆ ಗುಣವೇ ಅಲ್ಲಿ ಬಲೆ. ನಂಬಿಸಿ, ಬಳಗವನ್ನೆಲ್ಲ ಕರೆಸಿಕೊಂಡು, ನಂತರ ವಿಷ. ಬೇರೆ ದಾರಿಯೇ ಇರಲಿಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಅದನ್ನು ಹೇಳುವ ಗಂಟಲು ಸ್ವಲ್ಪ ಬಿಗಿಯಬೇಕು.

ಬೇರೆ ದಾರಿ ಇತ್ತೇ? ಯೆಮನ್ ದೇಶದ ಸೊಕೋತ್ರ ದ್ವೀಪಕ್ಕೆ 1990ರ ದಶಕದಲ್ಲಿ ಬೆರಳೆಣಿಕೆಯಷ್ಟು ಇವೇ ಕಾಗೆಗಳು ಬಂದವು. ಅಲ್ಲಿನವರು ಬೇಗ ಎಚ್ಚೆತ್ತರು. ಗೂಡಿನಿಂದ ಮರಿಗಳನ್ನು ತೆಗೆದರು, ಉಳಿದ ಕೆಲವನ್ನು ಗುಂಡಿಟ್ಟರು, 2009ರ ಹೊತ್ತಿಗೆ ದ್ವೀಪದಲ್ಲಿ ಕಾಗೆ ಇರಲಿಲ್ಲ. ಅಲ್ಲೂ ಜೀವ ಹೋಯಿತು. ಲಕ್ಷಗಳಲ್ಲಿ ಅಲ್ಲ. ಮೈಮರೆತ ಪ್ರತಿ ವರ್ಷವೂ ಸಾಯಬೇಕಾದ ಹಕ್ಕಿಗಳ ಲೆಕ್ಕಕ್ಕೆ ಸೇರುತ್ತದೆ. ಅಪ್ಪಮಾದ ಎಂಬ ಪದವನ್ನು ನಾವು ಧ್ಯಾನಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ. ನಗರಸಭೆಯ ಕಸದ ಗಾಡಿಗೂ ಅದು ಬೇಕು.

ದೇವದತ್ತನ ಬಾಣ ತಾಗಿದ ಹಂಸವನ್ನು ಸಿದ್ಧಾರ್ಥ ಎತ್ತಿಕೊಂಡ ಕಥೆಯನ್ನು ನಮ್ಮ ಮಕ್ಕಳೂ ಹೇಳುತ್ತಾರೆ. ಅಲ್ಲಿ ಬಾಣ ಕಿತ್ತರೆ ಹಂಸ ಬದುಕುತ್ತಿತ್ತು, ಇನ್ನೊಂದು ಜೀವಕ್ಕೆ ತೊಂದರೆ ಇರಲಿಲ್ಲ. ಇಲ್ಲಿ ಕಾಗೆಯ ಬಾಣ ಕಿತ್ತರೆ ಅದು ಗೀಜಗದ ಮರಿಗೆ ತಾಗುತ್ತದೆ. ಯಾವುದನ್ನು ಎತ್ತಿಕೊಂಡರೂ ಮಡಿಲು ರಕ್ತವಾಗುತ್ತದೆ.

ಭಾನುವಾರದ ಸಭೆಗೆ ಬಾಬಾಸಾಹೇಬರ ಗ್ರಂಥದ ಅಹಿಂಸೆಯ ಭಾಗ ಓದಿಕೊಂಡು ಬನ್ನಿ. ನಮ್ಮಲ್ಲಿ ಕೋಳಿ ಸಾಕುವವರು ಮೂರ್ನಾಲ್ಕು ಮನೆಯವರಿದ್ದಾರೆ. ಈ ಸಲ ಅವರು ಮೊದಲು ಮಾತಾಡಲಿ, ಉಳಿದವರು ಆಮೇಲೆ.

ನಮೋ ಬುದ್ಧಾಯ. ಜೈ ಭೀಮ್.